ಜೋಗ: ತೆಂಗಿನ ಸೀಮೆಯವರ ಬಳಕೆಗೆ ಕೈಪಿಡಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೋಟದವರಿಗೆ ಮಾತ್ರ. ಹೊಳೆದಂಡೆಯವರಿಗೆ ಇದು ಹೊಂದುವುದಿಲ್ಲ.

ಮೊದಲು ಪರಿಭಾಷೆ. ನಮ್ಮಲ್ಲಿ ‘ನೀರು ಬಿತ್ತು’ ಅಂದರೆ ಬೋರಿನಲ್ಲಿ ನೀರು ಸಿಕ್ಕಿತು ಅಂತ. ಜೋಗದಲ್ಲಿ ನೀರು ನಿಜವಾಗಿಯೂ ಬೀಳುತ್ತದೆ. ಮನೆಯ ಹಿರಿಯರಿಗೆ ಇದನ್ನು ಹೊರಡುವ ಮುಂಚೆಯೇ ತಿಳಿಸಿ.

ದಾರಿ ಹುಡುಕಬೇಕಿಲ್ಲ. ತಿಪಟೂರಿನ ಹೆದ್ದಾರಿಯೇ ಅರಸೀಕೆರೆ, ಕಡೂರು, ತರೀಕೆರೆ, ಶಿವಮೊಗ್ಗ, ಸಾಗರ ದಾಟಿ ಹೊನ್ನಾವರದತ್ತ ಹೋಗುತ್ತದೆ; ಜೋಗ ಅದರ ಮಗ್ಗುಲಲ್ಲೇ. ಅಡಿಕೆ ತೋಟ ಶುರುವಾದೊಡನೆ ದೊಡ್ಡಪ್ಪನನ್ನು ಕಿಟಕಿ ಪಕ್ಕದಿಂದ ಎಬ್ಬಿಸಿ. ಇಲ್ಲವಾದರೆ ಅಡಿಕೆ ರೇಟು, ಕೊಬ್ಬರಿ ರೇಟು ತೂಗಿ ತೂಗಿ ಸಾಗರದ ಹೊತ್ತಿಗೆ ಕಾರಿನಲ್ಲಿ ಯಾರಿಗೂ ನಗು ಬರುವುದಿಲ್ಲ.

ಮಳೆಗಾಲದಲ್ಲೇ ಹೋಗಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಶರಾವತಿಯ ಬಹುಪಾಲು ನೀರು ಕರೆಂಟಿಗೆ ಹೋಗುತ್ತದೆ. (ಅದರಲ್ಲೊಂದಷ್ಟು ನಮ್ಮ ಮೋಟರಿಗೂ ಬರುತ್ತಿರಬೇಕು, ರಾತ್ರಿ ಎರಡು ಗಂಟೆಗೆ.) ಬೇಸಿಗೆಯಲ್ಲಿ ಕಾಣುವುದು ಹೆಚ್ಚಾಗಿ ಬಂಡೆ. ಬಂಡೆಗಾಗಿ ಅಷ್ಟು ದೂರ ಯಾಕೆ, ಮದಲಿಂಗನ ಕಣಿವೆ ಮನೆ ಹತ್ತಿರವೇ ಇದೆ.

ಮಂಜು ಮುಚ್ಚಿ ಏನೂ ಕಾಣದಿದ್ದರೆ ಗಾಬರಿಯಾಗಬೇಡಿ. ಅಟ್ಟಕ್ಕೆ ಕಾಯಿ ಹಾಕಿ ಉಂಡೆ ಕೊಬ್ಬರಿಗೆ ಹತ್ತು ಹನ್ನೊಂದು ತಿಂಗಳು ಕಾಯುವವರಿಗೆ ಅರ್ಧ ಗಂಟೆ ಯಾವ ಲೆಕ್ಕ. ಉಂಬಳ ಕಚ್ಚಿದರೆ ಅಜ್ಜಿಯ ಎಲೆಅಡಿಕೆ ಚೀಲದಲ್ಲಿ ಸುಣ್ಣವಿರುತ್ತದೆ. ಸುತ್ತಲ ಕಣಿವೆಯ ಕಾಡು ಸಿಂಗಳೀಕಗಳ ಅಭಯಾರಣ್ಯ ನಿಜ, ಆದರೆ ಸಿಂಗಳೀಕ ಮರದ ತುದಿ ಬಿಟ್ಟು ಇಳಿಯುವುದು ಅಪರೂಪ. ನಿಮ್ಮ ಚುರುಮುರಿ ಕಿತ್ತುಕೊಂಡದ್ದು ನಮ್ಮೂರಿನಂಥದೇ ಕೋತಿ.

ಈಗ ಮುಖ್ಯ ಎಚ್ಚರಿಕೆ. ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಧಾರೆಗಳು 830 ಅಡಿ ಆಳಕ್ಕೆ ಧುಮುಕುತ್ತವೆ. ಈ ಅಂಕಿಯನ್ನು ದೊಡ್ಡಪ್ಪನ ಎದುರು ಓದಿ ಹೇಳಬಾರದು. ನಾನು ಹೇಳಿಬಿಟ್ಟೆ. ಹೋದ ಬೇಸಿಗೆಯಲ್ಲಿ ನಾವು ಕೊರೆಸಿದ ಬೋರು 1020 ಅಡಿ. ಮೇಲೆ ಬಂದದ್ದು ಬರೀ ಬಿಳೀ ಧೂಳು. ಜೋಗವನ್ನು ಹಾಗೇ ಎತ್ತಿ ಅದರೊಳಗೆ ಇಳಿಬಿಟ್ಟರೂ 190 ಅಡಿ ಖಾಲಿ ಉಳಿಯುತ್ತದೆ. ಈ ಕಳೆಯುವ ಲೆಕ್ಕವನ್ನು ದೊಡ್ಡಪ್ಪ ಪೆನ್ನಿಲ್ಲದೆ ಮುಗಿಸಿದರು.

ಆಮೇಲೆ ಮಂಜು ಸರಿಯಿತು. ದೊಡ್ಡಪ್ಪ ಕಂಬಿ ಹಿಡಿದು ಬಹಳ ಹೊತ್ತು ನಿಂತಿದ್ದರು. ಜನ ಸೆಲ್ಫಿ ತೆಗೆಯುತ್ತಿದ್ದರು. ನನ್ನ ಕಡೆ ತಿರುಗದೆಯೇ ಕೇಳಿದರು:

“ಎಷ್ಟಿಂಚು ಬಿದ್ದಿರಬೌದೋ ಇದು?”