ಉತ್ತರೆ ಮಳೆಯಲ್ಲಿ ಹಿಮಾಲಯ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ – ತಾಲ್ಲೂಕಿಗೊಬ್ಬರಂತೆ ಆರಿಸಿ ಹಿಮಾಲಯಕ್ಕೆ ಕಳಿಸಿದರೆ, ಹಿಮಕ್ಕೂ ಹೊಳೆಗೂ ಇಷ್ಟು ಅಪರಿಚಿತವಾದ ತಂಡ ರಾಜ್ಯದಲ್ಲೇ ಇನ್ನೊಂದು ಸಿಕ್ಕಲಾರದು. ನಮ್ಮನ್ನು ಯಾರೂ ಹಾಗೆ ಆರಿಸಲಿಲ್ಲ. ತುಮಕೂರಿನ ಹಾಸ್ಟೆಲೊಂದರಲ್ಲಿ ಒಂದೇ ಕೋಣೆಗೆ ಬಿದ್ದವರು, ತಲೆಗೂದಲು ಉದುರುವ ವಯಸ್ಸಾದರೂ ಒಬ್ಬರನ್ನೊಬ್ಬರು ಬಿಡಲಿಲ್ಲ, ಅಷ್ಟೆ. ನಾವು ಕಣ್ಣಾರೆ ಕಂಡ ಹಿಮವೆಂದರೆ ಫ್ರಿಜ್ಜಿನ ಮೇಲಿನ ಖಾನೆಯದು. ಹೊಳೆಗಳೇನೋ ಉಂಟು: ಜಯಮಂಗಲಿ, ಸುವರ್ಣಮುಖಿ, ಪಾವಗಡದ ಕಡೆ ಉತ್ತರ ಪಿನಾಕಿನಿ. ಹೆಸರಿಗೆ ಬರವಿಲ್ಲ. ವರ್ಷದ ಬಹುಪಾಲು ಅವನ್ನು ದಾಟಲು ಈಜು ಬೇಡ, ದೋಣಿ ಬೇಡ. ಆಚೆ ದಡಕ್ಕೆ ಹೋಗಿ ಚಪ್ಪಲಿಯೊಳಗಿನ ಮರಳು ಒದರಿಕೊಂಡರೆ ಮುಗಿಯಿತು.

ಬೆಟ್ಟದ ವಿಷಯದಲ್ಲಿ ಮಾತ್ರ ನಮಗೆ ಕೊಬ್ಬು ಜಾಸ್ತಿ. ಮಧುಗಿರಿಯವನಾದ ನನ್ನ ಮನೆಯ ಹಿತ್ತಲಿಗೆ ಬಂದರೆ ಸಮುದ್ರಮಟ್ಟದಿಂದ 3,930 ಅಡಿ ಎತ್ತರದ ಒಂದೇ ಕಲ್ಲು. ಕೊನೆಯ ಏರಿನಲ್ಲಿ ಕಂಬಿ ಹಿಡಿದು, ಬಂಡೆಯಲ್ಲಿ ಕೊರೆದ ಕಾಲಿಡುವಷ್ಟೇ ಜಾಗದಲ್ಲಿ ಕಾಲಿಟ್ಟು ಹತ್ತಬೇಕು. ಬಿದನೂರಿನ ರಾಣಿ ವೀರಮ್ಮಾಜಿಯನ್ನು ಹೈದರಾಲಿ ಸೆರೆ ಇಟ್ಟದ್ದು ಈ ಕೋಟೆಯಲ್ಲಿ. ಬೆಟ್ಟ ಹತ್ತುವಾಗ ಏದುಸಿರು ಬಿಡುವ ಬೆಂಗಳೂರಿನ ಹುಡುಗರಿಗೆ ನಾನು ಈ ಸಂಗತಿ ಹೇಳಿ ಇನ್ನಷ್ಟು ಸುಸ್ತು ಮಾಡುವುದುಂಟು. ಕೊರಟಗೆರೆಯವನಿಗೆ ಸಿದ್ಧರಬೆಟ್ಟ, ಚನ್ನರಾಯನದುರ್ಗ. ಪಾವಗಡದವನಿಗೆ ಅವನ ಕೋಟೆ, ಅದು ಸಾಲದಿದ್ದರೆ ನಿಡಗಲ್ಲು. ಶಿರಾದ ಮೇಷ್ಟ್ರಿಗೆ ಹೇಳಿಕೊಳ್ಳುವ ಬೆಟ್ಟವಿಲ್ಲ. ಹಾಗಾಗಿ ಅವರು ಪುಸ್ತಕ ಓದಿಕೊಂಡಿದ್ದಾರೆ.

ಮೇಷ್ಟ್ರು ಓದಿಕೊಂಡದ್ದೇ ತೊಂದರೆಯಾಯಿತು. ಮನಾಲಿ ಪಕ್ಕದ ಜೋಬ್ರಾದಿಂದ ಹೊರಟು ಹಂಪ್ಟಾ ಪಾಸ್ ದಾಟಿ ಲಾಹೌಲ್ ಕಡೆಯ ಛತ್ರುವಿನಲ್ಲಿ ಇಳಿಯೋಣ ಎಂದು ನಾವು ಮಧುಗಿರಿಯ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತು ಒಮ್ಮತಕ್ಕೆ ಬಂದಿದ್ದೆವು. ಎತ್ತರ 14,000 ಅಡಿಗೆ ಸ್ವಲ್ಪ ಮೇಲೆ. ಯಾವಾಗ ಎಂಬುದೊಂದೇ ಉಳಿದಿತ್ತು. ‘ಜೂನ್‌ನಲ್ಲಿ ಹೋದರೆ ದಾರಿಯೆಲ್ಲ ಹಿಮ’ ಎಂದರು ಮೇಷ್ಟ್ರು. ‘ಸರಿ, ಜುಲೈ’ ಎಂದೆವು. ‘ಜುಲೈನಲ್ಲಿ ಆ ಹಿಮ ಕರಗಿ ಹಳ್ಳಕ್ಕೆ ಬಂದಿರುತ್ತದೆ. ಮೇಲೆ ಕಾಲು ಹೂತುಕೊಳ್ಳುವುದು ತಪ್ಪಿದರೆ ಕೆಳಗೆ ಕಾಲು ತೇಲುತ್ತದೆ. ಕುಲ್ಲು ಕಡೆಗೆ ಮುಂಗಾರು ಬೇರೆ.’ ಮನಾಲಿಯ ರಸ್ತೆಗಳನ್ನೇ ಬಿಯಾಸ್ ನದಿ ಕಿತ್ತುಕೊಂಡು ಹೋದದ್ದು 2023ರ ಜುಲೈನಲ್ಲಿ. ಟೀವಿಯಲ್ಲಿ ನಾವೂ ನೋಡಿದ್ದೆವು. ‘ಹಾಗಾದರೆ ಎರಡೂ ಇಲ್ಲದ ತಿಂಗಳು ಯಾವುದು?’ ‘ಸೆಪ್ಟೆಂಬರ್.’ ಪಾವಗಡದವನು ಟೀ ಲೋಟ ಕೆಳಗಿಟ್ಟ. ‘ಎರಡೂ ಇಲ್ಲದ್ದನ್ನ ನೋಡೋಕೆ ಅಲ್ಲಿಗ್ಯಾಕೆ ಮೇಷ್ಟ್ರೇ, ಪಾವಗಡಕ್ಕೇ ಬನ್ನಿ.’

ಈ ಒಂದು ಮಾತಿಗೆ ಇವತ್ತಿನವರೆಗೂ ಯಾರೂ ಸರಿಯಾದ ಉತ್ತರ ಕೊಟ್ಟಿಲ್ಲ.

ವಿಷಯ ನಮ್ಮ ದೊಡ್ಡಪ್ಪನ ಕಿವಿಗೂ ಬಿತ್ತು. ಅವರಿಗೆ ಜೂನ್, ಜುಲೈ ಎಂದರೆ ಸ್ಕೂಲಿನ ಲೆಕ್ಕ. ‘ಯಾವ ಮಳೇಲಿ ಹೊಲ್ಟಿದ್ದೀರ್ಲಾ?’ ಎಂದು ಕೇಳಿದರು. ಮೇಷ್ಟ್ರ ಪಟ್ಟಿಯನ್ನು ಅವರ ಪಂಚಾಂಗಕ್ಕೆ ಕೂಡಿಸಿದೆವು. ಜೂನ್ 8ರ ಆಸುಪಾಸಿಗೆ ಹುಟ್ಟುವ ಮೃಗಶಿರದಲ್ಲಿ ಅಲ್ಲಿ ಹಿಮ ಗಟ್ಟಿ, ಹಳ್ಳಗಳ ಮೇಲೂ ಹಿಮವೇ ಸೇತುವೆ ಕಟ್ಟಿಕೊಂಡಿರುತ್ತದೆ. ಆರಿದ್ರಾ ಮುಗಿಯುವ ಹೊತ್ತಿಗೆ ಆ ಸೇತುವೆ ಒಳಗಿಂದೊಳಗೇ ಕರಗಿ ಟೊಳ್ಳು. ಮೇಲಿಂದ ನೋಡಿದರೆ ಬೆಳ್ಳಗೆ ಭದ್ರ, ಕಾಲಿಟ್ಟರೆ ಕೆಳಗೆ ಹರಿಯುವ ನೀರು. ಪುನರ್ವಸು, ಪುಷ್ಯದಲ್ಲಿ ಹಳ್ಳದ ಆರ್ಭಟ. ಆಶ್ಲೇಷ, ಮಖೆಯಲ್ಲಿ ಮಳೆ. ಹುಬ್ಬೆ ಕಳೆದು ಉತ್ತರೆ ಬಂದರೆ ಆಕಾಶ ತಿಳಿ, ನೀರು ಮೊಣಕಾಲಿಗೆ. ದೊಡ್ಡಪ್ಪ ಎಲ್ಲ ಕೇಳಿ, ‘ಅಂಗಾದ್ರೆ ಅಲ್ಲೂ ಮಳೆ ಹೆಸ್ರು ಸರಿಯಾಗೇ ನಡೀತವೆ’ ಎಂದು ಹಿಮಾಲಯಕ್ಕೊಂದು ಪ್ರಮಾಣಪತ್ರ ಕೊಟ್ಟರು.

ತಿಂಗಳು ಗೊತ್ತಾದರೆ ಸಾಲದು, ಗಂಟೆಯೂ ಗೊತ್ತಾಗಬೇಕಂತೆ. ನಮ್ಮ ಕಡೆ ನೀರು ಎಷ್ಟು ಹೊತ್ತಿಗೆ ಬರುತ್ತದೆಂಬುದು ಸಭೆಯಲ್ಲಿ ತೀರ್ಮಾನವಾಗುತ್ತದೆ. ಶಿರಾ ಕೆರೆಗೆ ಹೇಮಾವತಿ ಬರಬೇಕಾದರೆ ಅರ್ಜಿ, ಪ್ರತಿಭಟನೆ, ಮಂತ್ರಿಗಳ ಭರವಸೆ, ಆಮೇಲೆ ತೂಬು. ಅಲ್ಲಿ ತೂಬೆತ್ತುವವನು ಸೂರ್ಯ. ರಾತ್ರಿಯೆಲ್ಲ ಮೇಲಿನ ಹಿಮ ಹೆಪ್ಪುಗಟ್ಟಿ ಕೂತಿರುತ್ತದೆ, ಬೆಳಗಿನ ಜಾವಕ್ಕೆ ಹಳ್ಳ ಅತ್ಯಂತ ಬಡವಾಗಿರುತ್ತದೆ. ಬಿಸಿಲೇರಿದಂತೆ ಕರಗುವುದು ಶುರುವಾಗಿ, ಬೆಳಿಗ್ಗೆ ಮೊಣಕಾಲಿಗಿದ್ದ ನೀರು ಮಧ್ಯಾಹ್ನದ ಮೇಲೆ ಸೊಂಟಕ್ಕೆ ಬರಬಹುದು. ಹಿಮದ ಮೇಲೆ ನಡೆಯುವವರದೂ ಇದೇ ಪಾಡು: ಮುಂಜಾನೆ ನೆಲ ಗಟ್ಟಿ, ಮಧ್ಯಾಹ್ನ ಹೆಜ್ಜೆಹೆಜ್ಜೆಗೂ ತೊಡೆಯವರೆಗೆ ಹೂತುಕೊಳ್ಳುವುದು. ಹಾಗಾಗಿ ಎರಡು ಕಷ್ಟಕ್ಕೂ ಮದ್ದು ಒಂದೇ, ನಾಲ್ಕು ಗಂಟೆಗೆ ಏಳುವುದು. ಪಾವಗಡದಲ್ಲಿ ಮಾತ್ರೆನೀರು ಹಿಡಿಯಲು ಅಷ್ಟೊತ್ತಿಗೇ ಎದ್ದು ಅಭ್ಯಾಸವಿದೆ ಎಂದು ಪಾವಗಡದವನು ಸಮಾಧಾನ ಹೇಳಿದ. ಫ್ಲೋರೈಡು ತೆಗೆದ ಕುಡಿಯುವ ನೀರಿಗೆ ಅವರ ಓಣಿಯಲ್ಲಿ ಇಟ್ಟುಕೊಂಡ ಹೆಸರು ಅದು.

ಇನ್ನು ತಾಲೀಮು. ಹಳ್ಳ ದಾಟುವ ಶಾಸ್ತ್ರವನ್ನು ಮೇಷ್ಟ್ರು ಕಾಗದದ ಮೇಲೆ ಬರೆದು ತಂದಿದ್ದರು. ಇಕ್ಕಟ್ಟಾದ ಜಾಗ ಹತ್ತಿರವೆಂದು ಅಲ್ಲಿ ದಾಟಬಾರದು; ಹರವಾಗಿ ಕವಲೊಡೆದ ಕಡೆ ನೀರಿಗೆ ಸೊಕ್ಕು ಕಡಿಮೆ. ವೇಗ ಎರಡರಷ್ಟಾದರೆ ನೀರಿನ ತಳ್ಳು ನಾಲ್ಕರಷ್ಟು. ಬೆನ್ನಚೀಲದ ಸೊಂಟದ ಪಟ್ಟಿ ಬಿಚ್ಚಿರಬೇಕು, ಬಿದ್ದರೆ ಚೀಲ ಹೋಗಲಿ, ಆಸಾಮಿ ಉಳಿಯಲಿ. ಬರಿಗಾಲು ಕೂಡದು. ಮುಖ ನೀರು ಬರುವ ದಿಕ್ಕಿಗೆ, ಕೋಲು ಮುಂದಕ್ಕೆ, ಎರಡು ಕಾಲು ಒಂದು ಕೋಲಿನಲ್ಲಿ ಯಾವಾಗಲೂ ಎರಡು ನೆಲದ ಮೇಲೆ. ಮೂರ್ನಾಲ್ಕು ಜನರಿದ್ದರೆ ತೋಳಿಗೆ ತೋಳು ಹೆಣೆದುಕೊಂಡು ಒಟ್ಟಿಗೆ.

ಇದನ್ನೆಲ್ಲ ಕಲಿಯಲು ಒಂದು ಹೊಳೆ ಬೇಕಲ್ಲ. ಕೊರಟಗೆರೆಯವನು ತನ್ನ ಸುವರ್ಣಮುಖಿಯನ್ನು ಉದಾರವಾಗಿ ಬಿಟ್ಟುಕೊಟ್ಟ. ಬೇಸಿಗೆಯ ಒಂದು ಭಾನುವಾರ ಹತ್ತು ಕೆಜಿ ಅಕ್ಕಿಯ ಚೀಲಗಳನ್ನು ಬೆನ್ನಿಗೆ ಹಾಕಿಕೊಂಡು, ಕೈಯಲ್ಲಿ ಬಿದಿರು ಕೋಲು ಹಿಡಿದು, ತೋಳಿಗೆ ತೋಳು ಹೆಣೆದು, ಒಣ ಮರಳಿನ ಮೇಲೆ ‘ಎಡ… ಬಲ… ಕೋಲು’ ಎಂದು ಮೇಷ್ಟ್ರು ಕೂಗಿದ ಹಾಗೆ ಅಡ್ಡಡ್ಡ ಹೆಜ್ಜೆ ಹಾಕಿದೆವು. ದಡದ ಹೊಂಗೆ ಮರದ ಕೆಳಗೆ ಕುರಿ ಕಾಯುತ್ತಿದ್ದ ಅಜ್ಜ ಬೀಡಿ ಆರಿಸಿ ಎದ್ದು ಬಂದ. ಬಹಳ ಹೊತ್ತು ನೋಡಿದ. ‘ಏನ್ ಸ್ವಾಮಿ, ಕೋಲಾಟಕ್ಕೆ ಪದ ಇಲ್ವಾ?’ ಎಂದ. ನೀರು ದಾಟುವುದನ್ನು ಕಲಿಯುತ್ತಿದ್ದೇವೆ ಎಂದು ಮೇಷ್ಟ್ರು ವಿವರಿಸಿದರು. ಅಜ್ಜ ಮರಳಿನ ಕಡೆ ನೋಡಿದ, ನಮ್ಮ ಕಡೆ ನೋಡಿದ, ಕುರಿಗಳನ್ನು ಸ್ವಲ್ಪ ದೂರಕ್ಕೆ ಹೊಡೆದುಕೊಂಡು ಹೋದ.

ನಗು ಬದಿಗಿಟ್ಟು ಒಂದು ಮಾತು. ಬರದ ಸೀಮೆಯವರಿಗೆ ನೀರೆಂದರೆ ಪ್ರೀತಿ, ಹೆದರಿಕೆ ಇಲ್ಲ. 2022ರ ಮಳೆಗಾಲದಲ್ಲಿ ಜಯಮಂಗಲಿ ಉಕ್ಕಿ ಬಂದಾಗ ಜನ ಮೊದಲು ಪೂಜೆಗೆ ಹೋದರು, ಆಮೇಲೆ ಸೆಲ್ಫಿಗೆ, ಆಮೇಲೆ ಟೀವಿಎಸ್ ಎಕ್ಸೆಲ್ ಮೇಲೆ ದಾಟಲು. ಇಷ್ಟು ವರ್ಷ ಬಾರದವಳು ಬಂದಿದ್ದಾಳೆ, ನಮಗೇನು ಮಾಡಿಯಾಳು ಎಂಬ ಭರವಸೆ. ಇದೇ ಭರವಸೆ ಕಟ್ಟಿಕೊಂಡು ಹಿಮಾಲಯಕ್ಕೆ ಹೋಗಬಾರದು. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ದಾರಿಯಲ್ಲಿ 22 ಜನರ ತಂಡವೊಂದು ಹಿಮಗಾಳಿಗೆ ಸಿಕ್ಕಿ 9 ಮಂದಿ ತೀರಿಕೊಂಡರು. ತಂಡದಲ್ಲಿ ಹೆಚ್ಚಿನವರು ಕರ್ನಾಟಕದವರು, ಬೆಟ್ಟ ಗೊತ್ತಿದ್ದವರು. ಆ ಸುದ್ದಿ ಬಂದ ಮೇಲೆ ಜೂನ್ ಎಂಬ ಮಾತನ್ನು ನಮ್ಮಲ್ಲಿ ಯಾರೂ ಎತ್ತಲಿಲ್ಲ. ಪಾವಗಡದವನೂ ಎತ್ತಲಿಲ್ಲ.

ಅವನು ಬೇರೆ ಕಡೆ ಜಗಳ ತೆಗೆದ. ತಿರುಮಣಿ ಕಡೆಯವನು, 13,000 ಎಕರೆಯ ಸೋಲಾರ್ ಪಾರ್ಕಿಗೆ ಜಮೀನು ಗುತ್ತಿಗೆ ಕೊಟ್ಟು ಬಿಸಿಲಿನ ಬಾಡಿಗೆ ಎಣಿಸುವವನು. ‘ನನಗೆ ಬಿಸಿಲಿನ ಪಾಠ ಬೇಡ’ ಎಂದು ಕಪ್ಪು ಕನ್ನಡಕ ಕೊಳ್ಳಲು ಒಪ್ಪಲೇ ಇಲ್ಲ. ಸಾವಿರ ಮೀಟರ್ ಮೇಲೇರಿದಂತೆ ಅತಿನೇರಳೆ ಕಿರಣ ಸುಮಾರು ಶೇ 10ರಷ್ಟು ಜೋರಾಗುತ್ತದೆ, ಹೊಸ ಹಿಮ ಬಿದ್ದ ಬೆಳಕಿನ ಶೇ 80ಕ್ಕೂ ಹೆಚ್ಚನ್ನು ವಾಪಸು ಮುಖಕ್ಕೇ ಎರಚುತ್ತದೆ, ಬಿಸಿಲು ಅಲ್ಲಿ ಕೆಳಗಿನಿಂದಲೂ ಹೊಡೆಯುತ್ತದೆ ಎಂದು ಮೇಷ್ಟ್ರು ಹೇಳಿದ ಮೇಲೆ ಮೆತ್ತಗಾದ. ಆದರೂ ಕೊಂಡದ್ದು ಶಿರಾ ಸಂತೆಯಲ್ಲಿ.

ಊಟದ ವಿಷಯದಲ್ಲಿ ನಮ್ಮಲ್ಲಿ ಭಿನ್ನಾಭಿಪ್ರಾಯ ಇರಲಿಲ್ಲ, ಭೌತಶಾಸ್ತ್ರಕ್ಕೆ ಇತ್ತು. 12,000 ಅಡಿಯ ಮೇಲೆ ನೀರು ಕುದಿಯುವುದು 88 ಡಿಗ್ರಿಯ ಆಸುಪಾಸಿನಲ್ಲಿ. ಅಷ್ಟು ಕಾವಿಗೆ ಮುದ್ದೆ ಬೇಯುವುದು ಅನುಮಾನ, ಹಸಿಹಿಟ್ಟು ತಿಂದು ಹಳ್ಳ ದಾಟುವುದು ಅದಕ್ಕಿಂತ ಅನುಮಾನ. ಹುರಿದೇ ಬಂದ ರಾಗಿ ಹುರಿಹಿಟ್ಟು, ಬೆಲ್ಲ, ಕಡ್ಲೆಕಾಯಿ ಉಂಡೆ, ಹುಚ್ಚೆಳ್ಳಿನ ಚಟ್ನಿಪುಡಿ ಕಟ್ಟಿಕೊಂಡೆವು.

ಹೊರಟದ್ದು ಉತ್ತರೆಯಲ್ಲೇ. ಮನಾಲಿಯಲ್ಲಿ ಬಸ್ಸಿಳಿದು ನಿಂತ ಜಾಗವೇ 6,700 ಅಡಿ. ನನ್ನ ಏಕಶಿಲಾ ಬೆಟ್ಟದ ತುದಿಗೆ ಚನ್ನರಾಯನದುರ್ಗ ಹೊರಿಸಿದರೂ ಇಲ್ಲಿಯ ಆಟೋ ಸ್ಟ್ಯಾಂಡಿಗೆ ಸಮವಾಗುವುದು ಕಷ್ಟ ಎಂದು ಕೊರಟಗೆರೆಯವನು ಅಲ್ಲೇ ಲೆಕ್ಕ ಒಪ್ಪಿಸಿದ. ನಾನು ಉತ್ತರ ಕೊಡಲಿಲ್ಲ, ಉಸಿರು ಉಳಿಸಬೇಕಿತ್ತು. ಬಾಲು ಕಾ ಘೇರಾ ಬಿಡಾರದಲ್ಲಿ ಮಲಗಿ ಎದ್ದು ಪಾಸ್ ಹತ್ತಿದಾಗ ಕಾಲ ಕೆಳಗೆ ಕಲ್ಲು, ಕಲ್ಲು, ಕಲ್ಲು. ಹಿಮ ಇದ್ದದ್ದು ಆಚೆ ಇಂದ್ರಾಸನ ಶಿಖರದ ಮೇಲೆ, 6,221 ಮೀಟರ್ ಎತ್ತರದಲ್ಲಿ. ಪಾವಗಡದವನು ಶಿರಾ ಸಂತೆಯ ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ಅತ್ತಲೇ ನೋಡಿದ. ಏನೂ ಅನ್ನಲಿಲ್ಲ, ಅದೇ ಭಯವಾಯಿತು.

ಇಳಿದರೆ ಶಿಯಾ ಗೋರು. ಮರುದಿನ ಬೆಳಿಗ್ಗೆ ಗೈಡು ಏಳಿಸುವ ಮುಂಚೆಯೇ ನಾವು ಹಳ್ಳದ ದಡದಲ್ಲಿ ಸಾಲಾಗಿ ನಿಂತಿದ್ದೆವು. ನೀರು ಮೊಣಕಾಲಿಗೆ ಎರಡು ಬೆರಳು ಕಡಿಮೆ. ಕಾಲಿಟ್ಟ ಅರ್ಧ ನಿಮಿಷಕ್ಕೆ ಪಾದ ಯಾರದ್ದೆಂದು ತಿಳಿಯದಾಯಿತು. ಸುವರ್ಣಮುಖಿಯ ಮರಳಿನಲ್ಲಿ ಕಲಿತದ್ದು ಮಾತ್ರ ತಾನಾಗಿ ಬಂತು: ಎಡ, ಬಲ, ಕೋಲು. ‘ಆಪ್ ಲೋಗೋಂ ನೇ ಕಹಾಂ ಸೀಖಾ?’ ಎಂದು ಗೈಡು ಆಶ್ಚರ್ಯಪಟ್ಟ. ‘ನದಿಯಲ್ಲಿ’ ಎಂದೆವು. ಹೆಚ್ಚಿನ ವಿವರ ಅವನಿಗೆ ಬೇಕಿರಲಿಲ್ಲ.

ಅಲ್ಲಿಂದ ಮುಂದೆ ನೋಡಿ ನಮ್ಮ ಪಾವಗಡದವನ ಮುಖ ಅರಳಿದ್ದು! ಕುಲ್ಲು ಕಡೆಯ ಹಸಿರನ್ನು ಬೆಟ್ಟಸಾಲು ಹಿಂದೆಯೇ ತಡೆದು ನಿಲ್ಲಿಸಿ, ಲಾಹೌಲ್ ಕಡೆ ಬರೀ ಕಂದು ಗುಡ್ಡ, ಸುರಿಗಲ್ಲು, ಬಿಸಿಲು. ಪಶ್ಚಿಮ ಘಟ್ಟ ನಮ್ಮ ತಾಲ್ಲೂಕುಗಳಿಗೆ ಮಾಡುವ ಉಪಕಾರವನ್ನೇ ಹಿಮಾಲಯ ಅವರಿಗೂ ಮಾಡಿದೆ, ಮೋಡ ಆ ಕಡೆ, ಮರೆ ಈ ಕಡೆ. ‘ಮೇಷ್ಟ್ರೇ, ಇಷ್ಟು ದುಡ್ಡು ಕೊಟ್ಟು ಮತ್ತೆ ಪಾವಗಡಕ್ಕೇ ಕರ್ಕೊಂಡ್ ಬಂದ್ರಲ್ಲ’ ಎಂದ. ಛತ್ರುವಿನಲ್ಲಿ ಚಂದ್ರಾ ನದಿಯ ದಡದಲ್ಲಿ ಕೂತು ಉಳಿದ ಹುರಿಹಿಟ್ಟನ್ನು ಕಲಸಿದವನೂ ಅವನೇ, ನಮಗೆ ಬಡಿಸಿ ಆಮೇಲೆ ತಾನು ತಿಂದವನೂ ಅವನೇ.

ಚೆನ್ನಾಗಿ ಯೋಚಿಸಿ ಹೊರಟವನು ಹಿಮ ಕಾಣುವುದಿಲ್ಲ, ಹಿಮ ಕಾಣಬೇಕೆಂದು ಹೊರಟವನು ಬೇರೇನನ್ನೂ ಯೋಚಿಸಿರುವುದಿಲ್ಲ. ಕಡ್ಲೆಕಾಯಿ ಬೆಳೆಯುವವರಾದರೆ ನನ್ನ ಓಟು ಮೊದಲನೆಯವನಿಗೆ. ಉತ್ತರೆ ಹೊತ್ತಿಗೆ ಕಳೆ ತೆಗೆದು ಮುಗಿದಿರುತ್ತದೆ, ಕಾಯಿ ಕೀಳಲು ಇನ್ನೂ ದಿನ ಇರುತ್ತದೆ, ಅಷ್ಟರಲ್ಲಿ ಹೋಗಿ ಬರಬಹುದು. ರೈಲಿನ ಟಿಕೆಟ್ಟು ಈಗ 60 ದಿನ ಮುಂಚೆಯಷ್ಟೇ ತೆಗೆಯುತ್ತದೆ. ಅದಕ್ಕೂ ಮುಂಚೆ ಪಂಚಾಂಗ ತೆಗೆದು ಪಿತೃಪಕ್ಷ ಯಾವಾಗ ಬೀಳುತ್ತದೆಂದು ನೋಡಿಕೊಳ್ಳಿ. ಹಿಮವನ್ನು ತಪ್ಪಿಸಿಕೊಳ್ಳಬಹುದು, ಹಳ್ಳವನ್ನು ತಪ್ಪಿಸಿಕೊಳ್ಳಬಹುದು. ಹಿರಿಯರಿಗೆ ಎಡೆ ಇಡುವ ದಿನ ಊರಲ್ಲಿ ಇಲ್ಲದೆ ದೊಡ್ಡಪ್ಪನಿಂದ ತಪ್ಪಿಸಿಕೊಂಡವರನ್ನು ನಾನಿನ್ನೂ ಕಂಡಿಲ್ಲ.