ಅರಗಿನ ಕಡ್ಡಿ, ಎಂ.ಎಸ್ಸಿ. ಅಳಿಯ

(ಚನ್ನಪಟ್ಟಣದ ಗೊಂಬೆ ಕಾರ್ಖಾನೆ. ಲೇತಿನ ಮುಂದೆ ಮಾವ. ಜ್ಞಾನಭಾರತಿಯಿಂದ ರೈಲಲ್ಲಿ ಬಂದಿಳಿದ ಅಳಿಯ.)

ಮಾವ: ಅದೇನ್ಲಾ ನೀನು ಓದ್ತಿರೋದು?

ಅಳಿಯ: ಅನ್ವಯಿಕ ಭೌತಶಾಸ್ತ್ರ ಮಾವ. ಲೆಕ್ಕದಲ್ಲಿರೋದನ್ನ ಕೆಲಸಕ್ಕೆ ತರೋದು.

ಮಾವ: ತಂದ್ಯಾ?

ಅಳಿಯ: ಇನ್ನೂ ಎರಡನೇ ಸೆಮಿಸ್ಟರು.

(ತಿರುಗುವ ಹಾಲೆಮರದ ತುಂಡಿಗೆ ಮಾವ ಅರಗಿನ ಕಡ್ಡಿ ಒತ್ತುತ್ತಾರೆ. ಒಲೆಯಿಲ್ಲ, ಬೆಂಕಿಯಿಲ್ಲ, ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ. ಗರಿ ಒತ್ತಿದ್ದೇ ತಡ, ಹೊಳಪು. ಅನ್ವಯ ಅಂದರೆ ಇದೇ, ಸಿಲೆಬಸ್ಸಿನಲ್ಲಿಲ್ಲ, ಅಷ್ಟೆ.)

ಅಳಿಯ: ಘರ್ಷಣೆಯಿಂದ ಉಷ್ಣ! ಇಂಗ್ಲೆಂಡಿನ ಜೂಲ್ 1845ರಲ್ಲೇ ನೀರೊಳಗೆ ರೆಕ್ಕೆ ತಿರುಗಿಸಿ ಇದನ್ನ ಅಳೆದ.

ಮಾವ: ಪಾಪ, ನೀರಿಗೆ ಬಣ್ಣ ಹತ್ತಿರಲ್ಲ.

ಅಳಿಯ: ಇದರ ಮೇಲೇ ಪ್ರಾಜೆಕ್ಟ್ ಮಾಡ್ತೀನಿ. ಎಷ್ಟು ಒತ್ತಬೇಕು ಮಾವ?

ಮಾವ: ಅರಗು ಸೀದ್ರೆ ಜಾಸ್ತಿ, ಹತ್ತದಿದ್ರೆ ಕಮ್ಮಿ.

ಅಳಿಯ: ಗೈಡು ಸಂಖ್ಯೆ ಕೇಳ್ತಾರೆ.

ಮಾವ: ಕನಕಪುರದ ಹೆಣ್ಣಿನ ಕಡೆಯವರೂ ಅದನ್ನೇ ಕೇಳ್ತಾವ್ರೆ. ಸಂಬಳ ಎಷ್ಟು ಅಂತ. ಮಾಗಡೀಲಿ ಪಿಯು ಮೇಷ್ಟ್ರಾಗ್ಬಾರ್ದಾ?

ಅಳಿಯ: ಅದಕ್ಕೆ ಎಂ.ಎಸ್ಸಿ. ಸಾಲದು, ಬಿ.ಎಡ್. ಕೂಡ ಬೇಕು.

ಮಾವ: ಈ ಲೇತಿಗೆ ಎರಡೂ ಬೇಡ. ಕೂತ್ಕೊ, ಸಂಜೆಯೊಳಗೆ ಇಪ್ಪತ್ತು ಬುಗುರಿ ಆಗ್ಬೇಕು.