ಎರಡೇ ನಿಮಿಷ, ಬಂದೆ

ಕಾರಿನ ನಾಲ್ಕೂ ಇಂಡಿಕೇಟರುಗಳು ಒಟ್ಟಿಗೆ ಮಿಣುಕಿದರೆ ಗಾಡಿ ಕೆಟ್ಟಿದೆ, ಹುಷಾರು ಎಂದು ಡ್ರೈವಿಂಗ್ ಶಾಲೆಯಲ್ಲಿ ಹೇಳಿಕೊಡುತ್ತಾರೆ. ಗಾಂಧಿ ಬಜಾರಿನಲ್ಲಿ ಮಾತ್ರ ಅದು, ಒಳಗಿದ್ದವರು ಎರಡು ಮೊಳ ಮಲ್ಲಿಗೆ ತರಲು ಇಳಿದಿದ್ದಾರೆ ಎಂಬುದರ ಸೂಚನೆ. ಹಿಂದೆ ಸಿಕ್ಕಿಕೊಂಡವರು ಹಾರ್ನ್ ಒತ್ತಿದರೆ ಹೂವಿನಂಗಡಿಯಿಂದ ಎರಡು ಬೆರಳು ಮೇಲೇಳುತ್ತವೆ. ಎರಡೇ ನಿಮಿಷ! ಅದು ಯಾವ ಗಡಿಯಾರದ ನಿಮಿಷವೆಂದು ಕೇಳಬಾರದು. ಹೂವಿಗೆ ಚೌಕಾಸಿ ಆಗಬೇಕು, ಪಕ್ಕದಲ್ಲೇ ಅವರೆಕಾಯಿ ಕಂಡರೆ ಮೂಸಿ ಅದರ ಸೊಗಡನ್ನೂ ನೋಡಬೇಕು.

ಈ ಬೆರಳುಗಳ ಒಡೆಯರು ಒರಟರು ಎಂದೇ ನಾನು ನಂಬಿದ್ದೆ. ಕಳೆದ ವೈಶಾಖದ ಒಂದು ಮದುವೆ ಆ ನಂಬಿಕೆಯನ್ನು ಕೆಡಿಸಿತು. ಛತ್ರದ ಅಂಗಳದಲ್ಲಿ ನನ್ನ ಪುಟ್ಟ ಕಾರಿನ ಬೆನ್ನಿಗೆ ಒಂದು ಬಿಳಿಯ ವಾಹನ ಒತ್ತಿಕೊಂಡು ನಿಂತಿತ್ತು, ತೊಟ್ಟಿಮನೆಗೆ ಚಕ್ರ ಹಾಕಿದ ಹಾಗೆ. "ಬರ್ಲಿ ಬರ್ಲಿ, ಫುಲ್ ರೈಟ್" ಎಂದು ಸೀಟಿ ಊದುತ್ತ ಎಲ್ಲರನ್ನೂ ಒಳಗೆ ಬಿಟ್ಟಿದ್ದ ಆಸಾಮಿ ನಾಪತ್ತೆ. ಬರಮಾಡಿಕೊಳ್ಳುವುದಷ್ಟೇ ಅವನ ಇಲಾಖೆ. ನನಗೆ ಸಿಟ್ಟು ಬಂತು. ನನ್ನ ಸಿಟ್ಟು ಹೊರಗಿನವರಿಗೆ ಹೊಟ್ಟೆನೋವಿನಂತೆ ಕಾಣುತ್ತದೆಂದು ಮನೆಯವಳು ಹೇಳುವುದುಂಟು. ಅವಳೇ ಮೈಕಿನಲ್ಲಿ ಹೇಳಿಸಿದಳು. ಓಲಗದವರು ಉಸಿರೆಳೆದುಕೊಂಡ ಸಂದಿನಲ್ಲಿ ಬಿಳಿ ಗಾಡಿಯ ನಂಬರು ಛತ್ರದ ತುಂಬ ಮೊಳಗಿತು.

ಆತ ಸಿಕ್ಕಿದ್ದು ಊಟದ ಮನೆಯಲ್ಲಿ, ಎರಡನೇ ಪಂಕ್ತಿಯ ನಟ್ಟನಡುವೆ. ಹೋಳಿಗೆಯ ಮೇಲೆ ತುಪ್ಪ ಆಗತಾನೇ ಬಿದ್ದಿತ್ತು. "ನಂದೇ ಗಾಡಿ ಸಾರ್. ಪಂಕ್ತಿ ಮಧ್ಯೆ ಎದ್ದರೆ ಪಕ್ಕದ ಹಿರಿಯರಿಗೆ ಅವಮಾನ ಅಲ್ವಾ? ಮಜ್ಜಿಗೆ ಆಗ್ಲಿ, ಬಂದೆ" ಎಂದ. ಏನು ಹೇಳಲಿ? ಬಡಿಸುವವನಿಗೆ "ಮೊದಲು ಅವರಿಗೆ ಹಾಕಿ" ಎಂದು ಪಕ್ಕದೆಲೆ ತೋರಿಸುವುದೇನು, ಹಿರಿಯರ ಊಟ ಹಿಂದೆ ಬಿದ್ದದ್ದು ಕಂಡು ತಾನೂ ನಿಧಾನಿಸುವುದೇನು! ಇಂಥ ಸದಾಚಾರಿಯ ಕುರ್ಚಿಯ ಹಿಂದೆ ನಿಂತಿದ್ದ ನನ್ನನ್ನು, ಮುಂದಿನ ಪಂಕ್ತಿಗೆ ಜಾಗ ಹಿಡಿಯಲು ಬಂದವನೆಂದು ತಿಳಿದ ಅಜ್ಜಿಯೊಬ್ಬರು "ಉಣ್ಣೋರ ಬೆನ್ನಿಗೆ ನಿಲ್ಲಬಾರದು ಕಣಪ್ಪಾ" ಎಂದು ಗದರಿದರು.

ಎಲೆಯ ಮುಂದೆ ಹೇಗೆ ಕೂರಬೇಕು, ಚಪ್ಪಲಿ ಎಲ್ಲಿ ಬಿಡಬೇಕು, ಹೊಸ್ತಿಲ ಮೇಲೆ ಯಾಕೆ ನಿಲ್ಲಬಾರದು ಎಂದೆಲ್ಲ ಅಜ್ಜಿಯರು ತಲೆಗೆ ಮೊಟಕಿ ಕಲಿಸಿದ್ದಾರೆ. ಪಾಪ, ಕಾರು ಎಲ್ಲಿ ನಿಲ್ಲಿಸಬೇಕೆಂದು ಕಲಿಸಲು ಅವರಿಗೆ ಕಾರೇ ಇರಲಿಲ್ಲ. ಇದ್ದವರ ಪಾಡೂ ಅಷ್ಟಕ್ಕಷ್ಟೆ. ಅಮೆರಿಕದ ಓಕ್ಲಹೋಮಾ ಸಿಟಿಯಲ್ಲಿ ಕೆಲಸಕ್ಕೆ ಬಂದವರು ಬೆಳಗಿನಿಂದ ಸಂಜೆತನಕ ಅಂಗಡಿಬೀದಿಯಲ್ಲೇ ಕಾರು ಬಿಟ್ಟು, ಸಾಮಾನು ಕೊಳ್ಳುವವರಿಗೆ ಜಾಗವೇ ಇಲ್ಲವಾಗಿ, 1935ರಲ್ಲಿ ಪ್ರಪಂಚದ ಮೊದಲ ಪಾರ್ಕಿಂಗ್ ಮೀಟರ್ ನೆಡಬೇಕಾಯಿತು. ಗಂಟೆಗೆ ಐದು ಸೆಂಟು. ಸಂಕೋಚ ಮಾಡದ ಕೆಲಸವನ್ನು ಚಿಲ್ಲರೆ ಕಾಸು ಮಾಡಿತು.

ನಮ್ಮಲ್ಲಿ ಕಾನೂನಿಗೇನೂ ಕೊರತೆಯಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 122ನೇ ಕಲಮು, ಇತರರಿಗೆ ಅಡ್ಡಿಯಾಗುವಂತೆ ಗಾಡಿ ನಿಲ್ಲಿಸಬಾರದು ಎನ್ನುತ್ತದೆ. ಟೋಯಿಂಗ್ ಲಾರಿಯ ಹುಡುಗರು ಸ್ಕೂಟರನ್ನು ಮಗುವಿನಂತೆ ಎತ್ತಿಕೊಂಡು ಹೋಗುತ್ತಿದ್ದುದೂ ಉಂಟು. ಜನ ಬೊಬ್ಬೆ ಹಾಕಿದ ಮೇಲೆ 2022ರಲ್ಲಿ ಬೆಂಗಳೂರಿನಲ್ಲಿ ಅದಕ್ಕೆ ತಡೆ ಬಿತ್ತು. ಬಾಕಿ ಉಳಿದದ್ದು ಸಮ ದಿನ, ಬೆಸ ದಿನದ ಫಲಕಗಳು. ಏಕಾದಶಿಗಲ್ಲದೆ ಇದಕ್ಕೂ ಕ್ಯಾಲೆಂಡರ್ ನೋಡಬೇಕು.

ನಮ್ಮ ಎದುರುಮನೆಯ ನಿವೃತ್ತ ಮೇಷ್ಟ್ರು ಸರ್ಕಾರವನ್ನು ನೆಚ್ಚಿದವರಲ್ಲ. "ಗೇಟಿನ ಮುಂದೆ ಗಾಡಿ ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು" ಎಂದು ಗುಂಡಗಿನ ಅಕ್ಷರದಲ್ಲಿ ಬರೆದು ತೂಗುಹಾಕಿದ್ದಾರೆ. ಮೊನ್ನೆ ಒಬ್ಬ ನಿಲ್ಲಿಸಿಯೇಬಿಟ್ಟ. ಮೇಷ್ಟ್ರು ಕೊಟ್ಟ ಮಾತಿಗೆ ತಪ್ಪದೆ ನಾಲ್ಕೂ ಚಕ್ರದ ಗಾಳಿ ತೆಗೆದರು. ಕಾರು ಮರುದಿನ ಮಧ್ಯಾಹ್ನದವರೆಗೂ ಅವರ ಗೇಟಿನ ಮುಂದೆಯೇ ಇತ್ತು.